ಪ್ರಶ್ನೆಯೂ ಪೂರ್ವಪಕ್ಷವೂ: ಕಾನ್ಹೇರಿಯ ಶಾಸನಗಳನ್ನು ನಿಮಿತ್ತವಾಗಿಟ್ಟುಕೊಂಡು ಒಂದು ವಿಚಾರ

೧

ಮುಂಬಯಿಯ ಕನ್ನಡಿಗರಲ್ಲಿ ಇತಿಹಾಸ ಸಂಶೋಧನೆಗೆ ಕೈಹಾಕುವವರು ಬಹುಮಟ್ಟಿಗೆ ಒಂದೇ ಬಾಗಿಲಿನಿಂದ ಒಳಗೆ ಬರುತ್ತಾರೆ. “ಈ ನಗರವು ಹಿಂದೊಮ್ಮೆ ಕನ್ನಡ ನಾಡಾಗಿದ್ದಿತೆ?” ಎಂಬ ಪ್ರಶ್ನೆಯೇ ಆ ಬಾಗಿಲು. ಉದ್ಯೋಗಕ್ಕಾಗಿಯೋ ವ್ಯಾಪಾರಕ್ಕಾಗಿಯೋ ಊರು ಬಿಟ್ಟು ಬಂದು, ಮಾಟುಂಗದಲ್ಲಿಯೋ ಡೊಂಬಿವಲಿಯಲ್ಲಿಯೋ ಮನೆ ಮಾಡಿ, ಎರಡು ತಲೆಮಾರು ಕಳೆದ ಮೇಲೂ “ನಿಮ್ಮ ಊರು ಯಾವುದು?” ಎಂದು ಕೇಳಿದಾಗ ಇನ್ನೊಂದು ಊರಿನ ಹೆಸರನ್ನೇ ಹೇಳಬೇಕಾದವನಿಗೆ ಇದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ. ೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಯಿತು. ೧೯೬೦ರಲ್ಲಿ ಮಹಾರಾಷ್ಟ್ರ ರಾಜ್ಯವು ಬೇರೆಯಾಗಿ ನಿಂತಿತು. ೧೯೬೭ರಲ್ಲಿ ಮಹಾಜನ ಆಯೋಗದ ವರದಿ ಬಂದಿತು. ಅದೇ ವರ್ಷಗಳಲ್ಲಿ ಈ ನಗರದಲ್ಲಿ ದಕ್ಷಿಣದವರನ್ನು ಹೊರಗಿನವರೆಂದು ಕರೆದ ಕೂಗೂ ಎದ್ದಿತು. ಅಂಥ ದಿನಗಳನ್ನು ಕಂಡವರು ತಮ್ಮ ಕಾಲ ಕೆಳಗಿನ ನೆಲ ಪೂರ್ವದಲ್ಲಿ ತಮ್ಮದೇ ಆಗಿದ್ದಿತೆಂಬ ಪ್ರಮಾಣವನ್ನು ಹುಡುಕಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ನಾನೂ ಆ ಬಾಗಿಲಿನಿಂದಲೇ ಬಂದವನು. ವಿದ್ಯಾರ್ಥಿಯಾಗಿದ್ದಾಗ ‘ಕವಿರಾಜಮಾರ್ಗ’ವನ್ನು ಓದಿ, ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹರಡಿದ್ದಿತೆಂಬ ಅದರ ಮಾತನ್ನು ಭೂಪಟದ ಮೇಲಿಟ್ಟು ನೋಡಿದೆ. ಗೋದಾವರಿಯು ಹುಟ್ಟುವುದು ನಾಸಿಕದ ಬಳಿಯ ತ್ರ್ಯಂಬಕದಲ್ಲಿ. ತ್ರ್ಯಂಬಕವಿರುವುದು ಮುಂಬಯಿಗಿಂತ ಉತ್ತರಕ್ಕೆ. ಆದುದರಿಂದ ಮುಂಬಯಿ ಗೋದಾವರಿಯ ದಕ್ಷಿಣಕ್ಕೆ ಬಿದ್ದಿತು, ಕನ್ನಡ ನಾಡಾಯಿತು! ಬೋರಿವಲಿಯ ಕಾಡಿನಲ್ಲಿರುವ ಕಾನ್ಹೇರಿಯ ಗುಹೆಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರುಳ್ಳ ಶಾಸನಗಳಿವೆಯೆಂದು ಎಲ್ಲಿಯೋ ಓದಿದ್ದೆ. ಕವಿರಾಜಮಾರ್ಗವು ರಚಿತವಾದದ್ದು ಅದೇ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಇನ್ನು ಬೇಕಾದುದೇನು? ಒಂದು ಭಾನುವಾರ ಬೋರಿವಲಿಯಲ್ಲಿಳಿದು, ಗುಡ್ಡವನ್ನೇರಿ, ಶಾಸನದ ಮುಂದೆ ನಿಂತೆ. ಅಲ್ಲಿ ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ಶಾಸನದ ಭಾಷೆ ಸಂಸ್ಕೃತ.

ಆ ದಿನ ನನಗಾದ ನಿರಾಶೆಯ ಕಾರಣವನ್ನು ತಿಳಿಯಲು ಅನೇಕ ವರ್ಷಗಳು ಬೇಕಾದುವು. ತಪ್ಪಿದ್ದುದು ಶಾಸನದಲ್ಲಲ್ಲ, ನಾನು ಕೇಳಿದ ಪ್ರಶ್ನೆಯಲ್ಲಿ. ಹೊಸದಾಗಿ ಸಂಶೋಧನೆಗೆ ತೊಡಗುವ ಮಿತ್ರರಿಗೆ ಉಪಯೋಗವಾದೀತೆಂಬ ಭಾವನೆಯಿಂದ, ಪ್ರಶ್ನೆಯನ್ನು ಹೇಗೆ ರೂಪಿಸಬೇಕು, ಹಿಂದಿನ ವಿದ್ವಾಂಸರ ಬರಹಗಳನ್ನು ಹೇಗೆ ಪರಿಶೀಲಿಸಬೇಕು ಎಂಬ ಎರಡು ವಿಷಯಗಳನ್ನು ಈ ಒಂದು ನಿದರ್ಶನವನ್ನೇ ಹಿಡಿದು ಇಲ್ಲಿ ವಿಚಾರಿಸುತ್ತೇನೆ.

೨

ಮೊದಲು ಮೂರು ಮಾತುಗಳ ಭೇದವನ್ನು ಅರಿಯಬೇಕು: ವಿಷಯ, ಆಶೆ, ಪ್ರಶ್ನೆ. “ಮುಂಬಯಿ ಮತ್ತು ಕನ್ನಡ” ಎಂಬುದು ವಿಷಯ. ವಿಷಯವು ಒಂದು ಬಯಲಿನಂತೆ. ಅಲ್ಲಿ ಎಷ್ಟು ದಿನ ಬೇಕಾದರೂ ಅಲೆಯಬಹುದು, ಎಲ್ಲಿಗೂ ತಲುಪಲಾರೆವು. “ಮುಂಬಯಿ ಕನ್ನಡ ನಾಡಾಗಿದ್ದಿತು” ಎಂಬುದು, ಅದರ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿದರೂ, ಆಶೆ. ಆಶೆಯ ಲಕ್ಷಣವೇನೆಂದರೆ ಅದಕ್ಕೆ ಎಲ್ಲವೂ ಅನುಕೂಲವಾಗಿಯೇ ಕಾಣುತ್ತದೆ. ಕನ್ನಡ ಶಬ್ದ ಸಿಕ್ಕಿದರೆ ಪ್ರಮಾಣ ಸಿಕ್ಕಿತೆನ್ನುತ್ತೇವೆ. ಸಿಕ್ಕದಿದ್ದರೆ ಪ್ರಮಾಣ ನಷ್ಟವಾಗಿದೆಯೆನ್ನುತ್ತೇವೆ. ಎರಡು ಕಡೆಯಿಂದಲೂ ಗೆಲ್ಲುವ ಪಂದ್ಯದಲ್ಲಿ ಗೆದ್ದದ್ದಕ್ಕೆ ಬೆಲೆಯಿಲ್ಲ.

ಪ್ರಶ್ನೆಯೆಂದರೆ ಪ್ರಮಾಣವು “ಅಲ್ಲ” ಎನ್ನಲು ಎಡೆಯುಳ್ಳದ್ದು. ಯಾವ ಸಾಕ್ಷ್ಯ ದೊರೆತರೆ ನನ್ನ ಊಹೆಯನ್ನು ಕೈಬಿಡುತ್ತೇನೆ ಎಂಬುದನ್ನು ಸಂಶೋಧಕನು ಕೆಲಸಕ್ಕೆ ಮೊದಲೇ ಬರೆದಿಟ್ಟುಕೊಳ್ಳಬಲ್ಲನಾದರೆ ಅವನಲ್ಲಿ ಪ್ರಶ್ನೆಯಿದೆ. ಬರೆಯಲಾರನಾದರೆ ಇರುವುದು ಆಶೆ. ನನ್ನ ಭಾನುವಾರದ ಯಾತ್ರೆಯನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು. ಕನ್ನಡ ಅಕ್ಷರ ಕಾಣದಿದ್ದಾಗ ನಾನು ಊಹೆಯನ್ನು ಕೈಬಿಡಲಿಲ್ಲ; “ಅರಸ ಕನ್ನಡಿಗ, ಭಾಷೆ ಯಾವುದಾದರೇನು?” ಎಂದು ಸಮಾಧಾನ ಮಾಡಿಕೊಂಡೆ. ಭಾಷೆ ಯಾವುದಾದರೇನು ಎಂಬುದೇ ಅಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯೆಂದು ಆಗ ಹೊಳೆಯಲಿಲ್ಲ.

ಶಾಸನದ ಭಾಷೆಯಿಂದ ನೆಲದ ಒಡೆತನವನ್ನು ನಿರ್ಣಯಿಸುವುದು ಇತಿಹಾಸವನ್ನು ಸಾತ್‌ಬಾರಾ ಉತಾರೆಯಂತೆ ಓದುವ ರೀತಿ. ಈ ರೀತಿ ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ಎರಡು ಉದಾಹರಣೆಗಳು ಸಾಕು. ಕಾನ್ಹೇರಿಯಲ್ಲಿ ನೂರಕ್ಕೂ ಮೇಲ್ಪಟ್ಟು ಗುಹೆಗಳಿವೆ. ಅಲ್ಲಿಯ ಪ್ರಾಚೀನ ಶಾಸನಗಳು ಬ್ರಾಹ್ಮೀ ಲಿಪಿಯ ಪ್ರಾಕೃತದವು, ಕಲ್ಯಾಣ, ಸೋಪಾರಗಳ ವರ್ತಕರ ದಾನಗಳನ್ನು ಹೇಳತಕ್ಕವು. ಅದೇ ಗುಹೆಗಳ ಗೋಡೆಯ ಮೇಲೆ ಪಾರಸೀಕ ಯಾತ್ರಿಕರು ಕ್ರಿ.ಶ. ೧೦೦೯ ಮತ್ತು ೧೦೨೧ರಲ್ಲಿ ಪಹ್ಲವಿ ಭಾಷೆಯಲ್ಲಿ ತಮ್ಮ ಹೆಸರುಗಳನ್ನು ಕೆತ್ತಿಸಿದ್ದಾರೆ. ಹಾಗೆಂದು ಬೋರಿವಲಿಯು ಇರಾನದ ಭಾಗವಾಗಿದ್ದಿತೆಂದು ಯಾರೂ ಹೇಳುವುದಿಲ್ಲ. ಇತ್ತ ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಕನ್ನಡ ಮತ್ತು ತಮಿಳು ವಾಕ್ಯಗಳ ಜೊತೆಗೆ ಮರಾಠಿಯ ವಾಕ್ಯಗಳೂ ಇವೆ. ಮರಾಠಿ ಭಾಷೆಯ ಅತಿ ಪ್ರಾಚೀನ ಲೇಖಗಳಲ್ಲಿ ಅವುಗಳನ್ನು ಎಣಿಸುತ್ತಾರೆ. ಭಾಷೆಯೇ ನೆಲದ ಪತ್ರವಾದರೆ ಹಾಸನ ಜಿಲ್ಲೆಯ ಆ ಬೆಟ್ಟವನ್ನು ಬಿಟ್ಟುಕೊಡಲು ನಾವು ಸಿದ್ಧರಾಗಿರಬೇಕಾಗುತ್ತದೆ. ಅದಕ್ಕೆ ಒಪ್ಪದವನು ಕಾನ್ಹೇರಿಯಲ್ಲಿಯೂ ಆ ವಾದವನ್ನು ಹೂಡಬಾರದು. ನಮಗೆ ಪ್ರತಿಕೂಲವಾದೆಡೆಯಲ್ಲಿ ಒಪ್ಪಲಾಗದ ನಿಯಮವನ್ನು ಅನುಕೂಲವಾದೆಡೆಯಲ್ಲಿ ಬಳಸುವುದು ಸಲ್ಲದು.

೩

ಇನ್ನು ಹಿಂದಿನ ವಿದ್ವಾಂಸರ ಪರಿಶೀಲನೆ. ನಮ್ಮ ಪರಂಪರೆಯಲ್ಲಿ ಹಿಂದಿನವರನ್ನು ನೆನೆಯುವ ಎರಡು ಪದ್ಧತಿಗಳುಂಟು. ಕಾವ್ಯದ ಆರಂಭದಲ್ಲಿ ಕವಿಯು ಪೂರ್ವಕವಿಗಳ ಹೆಸರುಗಳನ್ನು ಹೇಳಿ ನಮಸ್ಕರಿಸುತ್ತಾನೆ, ಇದು ಪೂರ್ವಕವಿಸ್ಮರಣೆ. ಶಾಸ್ತ್ರದಲ್ಲಿ ಗ್ರಂಥಕಾರನು ತನಗಿಂತ ಭಿನ್ನವಾದ ಮತವನ್ನು ಮೊದಲು ಅದರ ಪೂರ್ಣಬಲದೊಡನೆ ಮಂಡಿಸಿ, ಬಳಿಕ ತನ್ನ ಸಿದ್ಧಾಂತಕ್ಕೆ ಬರುತ್ತಾನೆ, ಇದು ಪೂರ್ವಪಕ್ಷ. ಇಂದಿನ ಸಂಶೋಧನ ಪ್ರಬಂಧಗಳಲ್ಲಿ ಎರಡನೆಯ ಅಧ್ಯಾಯವಾಗಿ ಬರುವ ಸಮೀಕ್ಷೆಯು ಬಹುಮಟ್ಟಿಗೆ ಪೂರ್ವಕವಿಸ್ಮರಣೆಯಾಗಿರುತ್ತದೆ: ಇಂಥವರು ಇಂಥ ವರ್ಷ ಇಂಥ ಗ್ರಂಥವನ್ನು ಬರೆದರು, ಅದು ಮೌಲಿಕವಾದುದು, ಎಂದು ಮುಂದಿನ ಹೆಸರಿಗೆ ಹೋಗುವುದು. ಅದು ಆಗಬೇಕಾದುದು ಪೂರ್ವಪಕ್ಷ.

ಕನ್ನಡದಲ್ಲಿ ಇದಕ್ಕೆ ಮೇಲ್ಪಂಕ್ತಿ ಇಲ್ಲದಿಲ್ಲ. ನಮಗೆ ಉಪಲಬ್ಧವಾದ ಮೊದಲನೆಯ ಗ್ರಂಥವಾದ ಕವಿರಾಜಮಾರ್ಗವೇ ಒಂದು ದೃಷ್ಟಿಯಿಂದ ಇಂಥ ಪರಿಶೀಲನೆ. ದಂಡಿಯ ‘ಕಾವ್ಯಾದರ್ಶ’ವನ್ನು ಅದು ಬಹುದೂರ ಅನುಸರಿಸುತ್ತದೆ, ಆದರೆ ಸಂಸ್ಕೃತದ ಲಕ್ಷಣವು ಕನ್ನಡಕ್ಕೆ ಎಲ್ಲಿಯವರೆಗೆ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂಬ ತನ್ನದೇ ಆದ ಪ್ರಶ್ನೆಯನ್ನು ಕೇಳುತ್ತದೆ, ಪ್ರಾಸವೇ ಮೊದಲಾದ ವಿಷಯಗಳಲ್ಲಿ ಕನ್ನಡದ ದಾರಿ ಬೇರೆಯೆಂದು ಹೇಳುತ್ತದೆ. ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂಬ ಗದ್ಯಕಾರರನ್ನು ಅದು ಹೆಸರಿಸಿದೆ. ಅವರ ಕನ್ನಡ ಕೃತಿಗಳು ಇಂದು ಉಳಿದಿಲ್ಲ. ಅವರು ಕನ್ನಡದಲ್ಲಿ ಗದ್ಯವನ್ನು ಬರೆದಿದ್ದರೆಂಬ ತಿಳಿವು ಉಳಿದಿರುವುದು ಆ ಎಣಿಕೆಯಿಂದ. ಹಿಂದಿನವರನ್ನು ಸರಿಯಾಗಿ ಉಲ್ಲೇಖಿಸುವುದು ಶಿಷ್ಟಾಚಾರಕ್ಕಿಂತ ಹೆಚ್ಚಿನದೆಂಬುದಕ್ಕೆ ಇದೇ ಸಾಕ್ಷಿ. ಅಂತೆಯೇ ಆ ಗ್ರಂಥವು ಎರಡು ನದಿಗಳ ನಡುವಣ ನಾಡನ್ನು ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ಪ್ರದೇಶವನ್ನು ಕನ್ನಡದ ತಿರುಳೆಂದು ಬೇರೆಯಾಗಿ ಗುರುತಿಸುತ್ತದೆ. ವಿದ್ಯಾರ್ಥಿದೆಶೆಯಲ್ಲಿ ನಾನು ಮೊದಲ ಮಾತನ್ನು ಹಿಡಿದುಕೊಂಡು ಎರಡನೆಯದನ್ನು ಬಿಟ್ಟಿದ್ದೆ. ಕವಿಯ ಮಾತನ್ನು ಭೂಮಾಪಕನ ಸರಪಣಿಯೆಂದು ತಿಳಿದದ್ದು ಒಂದು ತಪ್ಪು, ಅರ್ಧವನ್ನೇ ಓದಿದ್ದು ಇನ್ನೊಂದು ತಪ್ಪು.

ಪೂರ್ವಪಕ್ಷವನ್ನು ಕಟ್ಟುವಾಗ ಪ್ರತಿಯೊಂದು ಗ್ರಂಥಕ್ಕೂ ನಾಲ್ಕು ಮಾತುಗಳನ್ನು ಕೇಳಬೇಕು. ಗ್ರಂಥಕಾರನು ಕೇಳಿದ ಪ್ರಶ್ನೆ ಯಾವುದು? ಅವನ ಮುಂದಿದ್ದ ಸಾಮಗ್ರಿ ಯಾವುದು? ಸಾಮಗ್ರಿಯಿಂದ ನಿರ್ಣಯಕ್ಕೆ ಅವನು ಹಾರಿದ ಎಡೆ ಯಾವುದು? ಅವನ ತರುವಾಯ ದೊರೆತದ್ದು ಯಾವುದು? ಈ ನಾಲ್ಕನ್ನು ಉತ್ತರಿಸಿದರೆ ಅರ್ಧ ಪುಟದಲ್ಲಿ ಒಂದು ಗ್ರಂಥದ ಸಾರವು ಕೈಗೆ ಬರುತ್ತದೆ. ಉತ್ತರಿಸದಿದ್ದರೆ ಹತ್ತು ಪುಟ ಬರೆದರೂ ಅದು ಪಟ್ಟಿಯಾಗಿಯೇ ಉಳಿಯುತ್ತದೆ.

೪

ರಾಷ್ಟ್ರಕೂಟರ ವಿಷಯವನ್ನೇ ಈ ಬಗೆಯಲ್ಲಿ ನೋಡೋಣ. ಅವರ ಮೂಲವನ್ನು ಕುರಿತು ಒಂದು ಶತಮಾನಕ್ಕೂ ಹೆಚ್ಚು ಕಾಲ ಚರ್ಚೆ ನಡೆದಿದೆ. ೧೮೮೪ರಲ್ಲಿ ದಖ್ಖನದ ಪ್ರಾಚೀನ ಇತಿಹಾಸವನ್ನು ಬರೆದ ರಾಮಕೃಷ್ಣ ಗೋಪಾಲ ಭಾಂಡಾರಕರರು ಮಹಾರಾಷ್ಟ್ರಕ್ಕೆ ಹೆಸರನ್ನಿತ್ತ ರಟ್ಟರೇ ರಾಷ್ಟ್ರಕೂಟರೆಂದು ಭಾವಿಸಿದರು. ಬರ್ನೆಲ್ಲರು ಅವರನ್ನು ತೆಲುಗು ನಾಡಿನ ರೆಡ್ಡಿಗಳೊಡನೆ ಜೋಡಿಸಿದರು. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತು ಬರೆದು ನಮ್ಮ ಇತಿಹಾಸಕ್ಕೆ ಅಡಿಗಲ್ಲನ್ನಿಟ್ಟ ಫ್ಲೀಟರು ಉತ್ತರದ ರಾಠೋಡರತ್ತ ನೋಡಿದರು. ಚಿಂತಾಮಣ ವಿನಾಯಕ ವೈದ್ಯರು ಅವರನ್ನು ಮರಾಠರ ಪೂರ್ವಜರೆಂದರು. ೧೯೩೪ರಲ್ಲಿ ರಾಷ್ಟ್ರಕೂಟರನ್ನೂ ಅವರ ಕಾಲವನ್ನೂ ಕುರಿತು ಬೃಹದ್ಗ್ರಂಥವನ್ನು ಪ್ರಕಟಿಸಿದ ಅನಂತ ಸದಾಶಿವ ಆಳ್ತೇಕರರು ಈ ಮತಗಳನ್ನೆಲ್ಲ ಒಂದೊಂದಾಗಿ ಎತ್ತಿಕೊಂಡು ಪರೀಕ್ಷಿಸಿ, ಅವರ ಬಿರುದಿನಲ್ಲಿ ಬರುವ ಲಟ್ಟಲೂರು ಇಂದಿನ ಲಾತೂರೆಂದೂ ಅವರ ಮನೆಮಾತು ಕನ್ನಡವೆಂದೂ ನಿರ್ಣಯಿಸಿದರು. ಸ್ವತಃ ಮರಾಠಿ ಭಾಷಿಕರಾದ ವಿದ್ವಾಂಸರು ಪ್ರಮಾಣವನ್ನು ಅನುಸರಿಸಿ ಈ ನಿರ್ಣಯಕ್ಕೆ ಬಂದರೆಂಬುದನ್ನು ನಾವು ಗೌರವದಿಂದ ನೆನೆಯಬೇಕು. ಅವರ ಪರಿಶೀಲನೆಯೇ ಪೂರ್ವಪಕ್ಷಕ್ಕೆ ಒಳ್ಳೆಯ ಮಾದರಿ.

ಆದರೆ ಈ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದಾಗ, ಬಿಡಿಬಿಡಿಯಾಗಿ ಓದುವಾಗ ಕಾಣದ ಒಂದು ಸಂಗತಿ ಕಾಣುತ್ತದೆ. ಉತ್ತರಗಳು ಬೇರೆಬೇರೆ; ಪ್ರಶ್ನೆ ಮಾತ್ರ ಒಂದೇ: “ರಾಷ್ಟ್ರಕೂಟರು ಯಾರವರು?” ಇದು ಒಂಬತ್ತನೆಯ ಶತಮಾನದವರು ಕೇಳಿಕೊಂಡ ಪ್ರಶ್ನೆಯಲ್ಲ, ಹತ್ತೊಂಬತ್ತು ಇಪ್ಪತ್ತನೆಯ ಶತಮಾನಗಳಲ್ಲಿ, ಭಾಷೆಗೊಂದು ಜನ, ಜನಕ್ಕೊಂದು ನಾಡು ಎಂಬ ಭಾವನೆ ಬಲಿಯುತ್ತಿದ್ದಾಗ ಹುಟ್ಟಿದ ಪ್ರಶ್ನೆ. ಹಿಂದಿನವರ ಉತ್ತರಗಳನ್ನು ಕೂಡಿಸಿ ಕಳೆಯುವುದಕ್ಕಿಂತ ಅವರ ಪ್ರಶ್ನೆಯನ್ನು ಗುರುತಿಸುವುದೇ ಪರಿಶೀಲನೆಯ ಮುಖ್ಯ ಫಲ. ಏಕೆಂದರೆ ಹೊಸ ಸಂಶೋಧಕನ ಸ್ಥಾನವು ಅವರ ಉತ್ತರಗಳ ಸಾಲಿನ ಕೊನೆಯಲ್ಲಿ ಇರಬೇಕಾದುದಿಲ್ಲ. ಅವರು ಕೇಳದೆ ಬಿಟ್ಟ ಪ್ರಶ್ನೆಯ ಬಳಿಯಲ್ಲಿ ಇರಬಹುದು.

ಅಂಥ ತಿರುವುಗಳು ಕನ್ನಡದಲ್ಲಿಯೂ ಹೊರಗೂ ಆಗಿವೆ. ಶಂ. ಬಾ. ಜೋಶಿಯವರು ಸ್ಥಳನಾಮಗಳ ಸಾಕ್ಷ್ಯವನ್ನು ಹಿಡಿದು, ೧೯೫೨ರಲ್ಲಿ ಮರಾಠಿಯಲ್ಲಿಯೇ ಗ್ರಂಥವನ್ನು ಬರೆದು, ಮಹಾರಾಷ್ಟ್ರದ ವಿದ್ವಾಂಸರ ಮುಂದೆ ತಮ್ಮ ವಾದವನ್ನು ಇಟ್ಟರು. ಅವರ ಎಲ್ಲ ವ್ಯುತ್ಪತ್ತಿಗಳನ್ನೂ ಒಪ್ಪಲಾಗದಿದ್ದರೂ, ಎದುರಾಳಿಯ ಭಾಷೆಯಲ್ಲಿ ಎದುರಾಳಿಯ ಪರೀಕ್ಷೆಗೆ ನಿಂತ ಅವರ ಧೈರ್ಯ ಅನುಕರಣೀಯವಾದುದು. ಎಂ. ಚಿದಾನಂದಮೂರ್ತಿಯವರು ೧೯೬೬ರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಶಾಸನಗಳಿಗೆ ಅರಸರ ವಂಶಾವಳಿಯನ್ನಲ್ಲ, ಜನರ ಜೀವನವನ್ನು ಕೇಳಿದರು. ಕಲ್ಲುಗಳು ಹಳೆಯವು, ಪ್ರಶ್ನೆ ಹೊಸದು. ಆದುದರಿಂದ ಉತ್ತರವೂ ಹೊಸದಾಯಿತು. ರಾ. ಚಿಂ. ಢೇರೆಯವರು ೧೯೮೪ರಲ್ಲಿ ವಿಠ್ಠಲನನ್ನು ಕುರಿತು ಮರಾಠಿಯಲ್ಲಿ ಬರೆದ ಮಹಾಗ್ರಂಥದಲ್ಲಿ ಪಂಢರಪುರದ ದೈವದ ಕನ್ನಡ ಸಂಬಂಧವನ್ನು ಮುಚ್ಚಿಡಲಿಲ್ಲ. ಅಮೆರಿಕದ ವಿದ್ವಾಂಸ ಶೆಲ್ಡನ್ ಪೊಲಾಕರು ೧೯೯೮ರ ಲೇಖನದಲ್ಲಿಯೂ ೨೦೦೬ರ ಗ್ರಂಥದಲ್ಲಿಯೂ, ರಾಷ್ಟ್ರಕೂಟರ ಆಳ್ವಿಕೆಯಲ್ಲಿ ಶಾಸನಗಳ ಭಾಷೆ ಸಂಸ್ಕೃತದಿಂದ ಕನ್ನಡದತ್ತ ಹೊರಳಿದ್ದನ್ನು ಕವಿರಾಜಮಾರ್ಗದೊಡನೆ ಸೇರಿಸಿ ಓದಿದರು. “ಅರಸನ ಮನೆಮಾತು ಯಾವುದು?” ಎಂಬುದರ ಬದಲು “ಆಸ್ಥಾನವು ಯಾವ ಕೆಲಸಕ್ಕೆ ಯಾವ ಭಾಷೆಯನ್ನು ಆರಿಸಿತು, ಏಕೆ?” ಎಂದು ಕೇಳಿದರು. ಇದೇ ಪ್ರಶ್ನೆಯನ್ನು ಹಿಡಿದುಕೊಂಡು ಮತ್ತೆ ಕಾನ್ಹೇರಿಯ ಗುಡ್ಡವನ್ನೇರಿದರೆ ಅಂದಿನ ನಿರಾಶೆಯ ಕಲ್ಲುಗಳೇ ಮಾತನಾಡತೊಡಗುತ್ತವೆ.

೫

ಅಮೋಘವರ್ಷನ ಕಾಲದ ಕಾನ್ಹೇರಿಯ ಶಾಸನಗಳು ಮೂರು: ಶಕ ೭೬೫, ೭೭೫ ಮತ್ತು ೭೯೯, ಎಂದರೆ ಕ್ರಿ.ಶ. ೮೪೩ರಿಂದ ೮೭೮ರವರೆಗಿನವು. ಹತ್ತೊಂಬತ್ತನೆಯ ಶತಮಾನದಲ್ಲಿ ವೆಸ್ಟರು ಕಾನ್ಹೇರಿಯ ಲೇಖಗಳ ಪ್ರತಿಗಳನ್ನು ಮಾಡಿದರು. ೧೮೮೪ರಲ್ಲಿ ಕೀಲ್‌ಹಾರ್ನರು ಈ ಮೂರರ ಪಾಠವನ್ನು ಪ್ರಕಟಿಸಿದರು. ೧೯೭೭ರಲ್ಲಿ ವಾಸುದೇವ ವಿಷ್ಣು ಮಿರಾಶಿಯವರು ಶಿಲಾಹಾರ ಶಾಸನಗಳ ಸಂಪುಟದಲ್ಲಿ ಅವುಗಳನ್ನು ಸೇರಿಸಿದರು. ೧೯೯೧ರಲ್ಲಿ ಶೋಭನಾ ಗೋಖಲೆಯವರು ಕಾನ್ಹೇರಿಯ ಶಾಸನಗಳನ್ನೇ ಕುರಿತು ಗ್ರಂಥವನ್ನು ಹೊರತಂದರು. ಓದುವ ಕ್ರಮವು ಇದರ ವಿಲೋಮವಾಗಿರಬೇಕು. ಈಚಿನದರಿಂದ ಆರಂಭಿಸಿ, ಅದರ ಉಲ್ಲೇಖಗಳ ಜಾಡನ್ನು ಹಿಡಿದು ಹಿಂದೆ ಹಿಂದೆ ಸಾಗಿ, ಕಡೆಗೆ ಮೂಲಪಾಠವನ್ನು ಮುಟ್ಟಬೇಕು. ೧೮೦೪ರಲ್ಲಿ ಹುಟ್ಟಿದ, ಇಂದು ಏಷಿಯಾಟಿಕ್ ಸೊಸೈಟಿಯೆಂಬ ಹೆಸರಿನಿಂದಿರುವ ಸಂಸ್ಥೆಯು ಕೋಟೆ ಭಾಗದ ಟೌನ್‌ಹಾಲಿನಲ್ಲಿದೆ. ಇಂಥ ಗ್ರಂಥಭಂಡಾರ ಹತ್ತಿರವಿರುವ ಮುಂಬಯಿಯವರಿಗೆ ಮೂಲವನ್ನು ನೋಡದಿರಲು ನೆಪವಿಲ್ಲ.

ಶಾಸನಗಳ ಒಕ್ಕಣೆ ಸ್ವಾರಸ್ಯವಾಗಿದೆ. ಅಮೋಘವರ್ಷನ ಸಾಮಂತರಾಗಿ ಪುರಿ ಮೊದಲಾದ ಕೊಂಕಣವನ್ನು ಆಳುತ್ತಿದ್ದವರು ಶಿಲಾಹಾರ ವಂಶದ ಪುಲ್ಲಶಕ್ತಿ ಮತ್ತು ಎರಡನೆಯ ಕಪರ್ದಿ. ಪುಲ್ಲಶಕ್ತಿಯ ಕಾಲದ ದಾನವು ಕೃಷ್ಣಗಿರಿಯ, ಎಂದರೆ ಕಾನ್ಹೇರಿಯ, ಬೌದ್ಧ ಸಂಘಕ್ಕೆ ಸಂದದ್ದು. ವಿಹಾರದ ದುರಸ್ತಿಗೆ, ಭಿಕ್ಷುಗಳ ವಸ್ತ್ರಕ್ಕೆ, ಗ್ರಂಥಗಳಿಗೆ ಎಂದು ಅದರಲ್ಲಿ ಪಾಲುಗಳುಂಟು. ಶಕ ೭೭೫ರ ದಾನಿಯು ಗೌಡದೇಶದಿಂದ, ಎಂದರೆ ಬಂಗಾಳದ ಕಡೆಯಿಂದ ಬಂದ ಅವಿಘ್ನಾಕರನೆಂಬ ಉಪಾಸಕ. ಅವನು ನೂರು ದ್ರಮ್ಮಗಳನ್ನು ಶಾಶ್ವತ ನಿಧಿಯಾಗಿ ಇಟ್ಟನು. ಮಳಖೇಡದ ಅರಸನ ಆಳ್ವಿಕೆಯಲ್ಲಿ, ಕೊಂಕಣದ ಸಾಮಂತನ ನಾಡಿನಲ್ಲಿ, ಬಂಗಾಳದವನೊಬ್ಬನು ಬೌದ್ಧ ವಿಹಾರಕ್ಕೆ ದಾನ ಮಾಡುತ್ತಾನೆ; ಬರೆಹ ಸಂಸ್ಕೃತದಲ್ಲಿದೆ.

ಇಲ್ಲಿ ನಮ್ಮ ಪ್ರಶ್ನೆಗೆ ಆಕಾರ ಬರುತ್ತದೆ: “ಒಂಬತ್ತನೆಯ ಶತಮಾನದ ಉತ್ತರ ಕೊಂಕಣದಲ್ಲಿ ದಾನಶಾಸನದ ಭಾಷೆಯನ್ನು ನಿರ್ಣಯಿಸುತ್ತಿದ್ದುದು ಯಾವುದು? ಚಕ್ರವರ್ತಿಯ ಮನೆಮಾತೆ, ಸಾಮಂತನ ಪದ್ಧತಿಯೆ, ದಾನಿಯ ಊರೆ, ದಾನವನ್ನು ಪಡೆದ ಸಂಸ್ಥೆಯೆ, ಸ್ಥಳೀಯ ಜನರ ಮಾತೆ?” ಕಾಲ, ದೇಶ, ಸಾಮಗ್ರಿ ಮೂರಕ್ಕೂ ಇಲ್ಲಿ ಎಲ್ಲೆಯಿದೆ. ಐದು ಉತ್ತರಗಳಲ್ಲಿ ಪ್ರತಿಯೊಂದನ್ನೂ ಅಲ್ಲಗಳೆಯಬಲ್ಲ ಸಾಕ್ಷ್ಯ ಯಾವುದೆಂದು ಮೊದಲೇ ಹೇಳಬಹುದು. ಚಕ್ರವರ್ತಿಯ ಮನೆಮಾತೇ ನಿರ್ಣಾಯಕವೆಂದಾದರೆ ಈ ಮೂರು ಶಾಸನಗಳು ಕನ್ನಡದಲ್ಲಿರಬೇಕಾಗಿತ್ತು, ಇಲ್ಲ, ಆದುದರಿಂದ ಆ ಉತ್ತರ ಬಿದ್ದಿತು. ಒಂದು ಉತ್ತರವಾದರೂ ಬಿದ್ದಿತೆಂದರೆ ಕೆಲಸ ಆರಂಭವಾಯಿತೆಂದು ಅರ್ಥ.

ಈ ಹಂತದಲ್ಲಿ ಹೋಲಿಕೆ ಬೇಕಾಗುತ್ತದೆ, ಹೋಲಿಕೆಯಲ್ಲಿಯೇ ಜಾರುವ ಅಪಾಯವೂ ಇದೆ. ಅದೇ ಅಮೋಘವರ್ಷನ ಕಾಲದ, ಕ್ರಿ.ಶ. ೮೬೬ರ ಶಿರೂರು ಮತ್ತು ನೀಲಗುಂದದ ಶಾಸನಗಳಲ್ಲಿ ಕನ್ನಡವಿದೆ. ಐದು ವರ್ಷಗಳ ಬಳಿಕ, ೮೭೧ರಲ್ಲಿ, ಇಂದಿನ ಗುಜರಾತಿನ ವಲಸಾಡ ಜಿಲ್ಲೆಗೆ ಸೇರಿದ ಸಂಜಾಣದ ತಾಮ್ರಪಟಗಳು ಸಂಸ್ಕೃತದಲ್ಲಿವೆ. “ತೆಂಕಣಕ್ಕೆ ಕನ್ನಡ, ಪಡುವಣ ಕರಾವಳಿಗೆ ಸಂಸ್ಕೃತ” ಎಂದು ಹೇಳಿಬಿಡಲು ಮನಸ್ಸು ಆತುರಪಡುತ್ತದೆ. ಆದರೆ ಒಂದು ಕಡೆ ಕಲ್ಲು, ಇನ್ನೊಂದು ಕಡೆ ತಾಮ್ರ. ಅರಸರು ಬ್ರಾಹ್ಮಣರಿಗೆ ಕೊಟ್ಟ ತಾಮ್ರಪಟಗಳು ಕನ್ನಡ ನಾಡಿನಲ್ಲಿಯೂ ಬಹುಮಟ್ಟಿಗೆ ಸಂಸ್ಕೃತದಲ್ಲಿಯೇ ಇರುತ್ತವೆ. ದೇಶದ ಭೇದವೆಂದು ತೋರಿದ್ದು ಪತ್ರದ ಜಾತಿಯ ಭೇದವಾಗಿರಬಹುದು. ಕಲ್ಲನ್ನು ಕಲ್ಲಿಗೆ, ತಾಮ್ರವನ್ನು ತಾಮ್ರಕ್ಕೆ ಹೋಲಿಸಿದ ಮೇಲೆಯೇ ಮಾತು ಮುಂದುವರಿಯತಕ್ಕದ್ದು.

ಹೆಸರುಗಳ ಸಾಕ್ಷ್ಯವೂ ಹೀಗೆಯೇ. ಶಿಲಾಹಾರರ ಬಿರುದುಗಳಲ್ಲಿ ‘ನನ್ನಿಸಮುದ್ರ’ದಂಥ ಕನ್ನಡ ಮಾತುಗಳು ಬರುತ್ತವೆ. ಅವರು ತಮ್ಮ ಮೂಲಸ್ಥಾನವೆಂದು ಹೇಳಿಕೊಳ್ಳುವ ತಗರವು ಇಂದಿನ ಧಾರಾಶಿವ ಜಿಲ್ಲೆಯ ತೇರ್ ಎಂದು ಫ್ಲೀಟರು ಗುರುತಿಸಿದರು. ಇದರಿಂದ ಆ ಮನೆತನಕ್ಕೆ ಕನ್ನಡದ ನಂಟು ಇದ್ದಿತೆಂದು ಹೇಳುವುದು ನ್ಯಾಯ. ಅವರು ಆಳಿದ ಪ್ರಜೆಗಳ ಮಾತು ಕನ್ನಡವೆಂದು ಹೇಳುವುದು ಹಾರಿಕೆ. ಪಾಲಘರ ಜಿಲ್ಲೆಯ ಚಿಂಚಣಿಯಲ್ಲಿ ದೊರೆತ ಕ್ರಿ.ಶ. ೯೨೬ರ ತಾಮ್ರಪಟಗಳು ಇನ್ನೂ ಬೆರಗುಗೊಳಿಸುವಂಥವು. ರಾಷ್ಟ್ರಕೂಟ ಎರಡನೆಯ ಕೃಷ್ಣನು ಸಂಜಾಣ ಮಂಡಲದ ಅಧಿಕಾರವನ್ನು ಮಧುಮತಿಯೆಂಬ ತಾಜಿಕನಿಗೆ, ಎಂದರೆ ಅರಬನಿಗೆ, ವಹಿಸಿದ್ದನೆಂದು ಅವು ತಿಳಿಸುತ್ತವೆ; ಅಣ್ಣಯ್ಯನೆಂಬವನು ಕಟ್ಟಿಸಿದ ಮಠಿಕೆಗೆ ಆ ಅರಬ ಅಧಿಕಾರಿಯ ಆಡಳಿತದಲ್ಲಿ ದಾನ ದೊರೆಯುತ್ತದೆ. ಅರಸ ಕನ್ನಡಿಗ, ಅಧಿಕಾರಿ ಅರಬ, ಮಠಿಕೆಯನ್ನು ಕಟ್ಟಿಸಿದವನ ಹೆಸರು ನಮ್ಮ ಕಿವಿಗೆ ಮನೆಯವನ ಹೆಸರು, ಪತ್ರದ ಭಾಷೆ ಸಂಸ್ಕೃತ! ಈ ಕರಾವಳಿಯು ಯಾರದಾಗಿತ್ತು ಎಂದು ಕೇಳಿದವನಿಗೆ ಈ ತಾಮ್ರಪಟ ಒಂದು ತೊಡಕು. ಇಲ್ಲಿ ಜನರು ಹೇಗೆ ಕೂಡಿ ಬಾಳಿದರು ಎಂದು ಕೇಳಿದವನಿಗೆ ಅದೊಂದು ನಿಧಿ.

ಹುಡುಕಿದ್ದು ಸಿಕ್ಕದಿದ್ದಾಗ ಬರೆಯುವ ಕ್ರಮವನ್ನೂ ಕಲಿಯಬೇಕು. “ಉತ್ತರ ಕೊಂಕಣದಲ್ಲಿ ಕನ್ನಡವಿರಲಿಲ್ಲ” ಎನ್ನುವುದು ಅತಿವ್ಯಾಪ್ತಿ. “ಕಾನ್ಹೇರಿಯ ಈ ಮೂರು ಶಾಸನಗಳಲ್ಲಿ ಕನ್ನಡವಿಲ್ಲ” ಎನ್ನುವುದು ಸತ್ಯ. ಎಲ್ಲಿ ಹುಡುಕಿದೆ, ಎಷ್ಟು ಹುಡುಕಿದೆ ಎಂಬುದನ್ನು ಸೇರಿಸಿ ಹೇಳಿದ “ಇಲ್ಲ”ವು ಮುಂದಿನವನಿಗೆ ದಾರಿಯನ್ನು ಉಳಿಸುತ್ತದೆ.

೬

ಇಷ್ಟು ದೂರದ ಕಾಲದ ಮಾತು ನಮಗೇಕೆ ಎಂದು ವಾಚಕರು ಕೇಳಬಹುದು. ಈ ಪ್ರಶ್ನೆ ನಮ್ಮ ಅಡುಗೆಮನೆಯವರೆಗೂ ಬಂದಿದೆ ಎಂಬುದೇ ನನ್ನ ಉತ್ತರ. ಮುಂಬಯಿಗೆ ಬಂದ ದಕ್ಷಿಣ ಕನ್ನಡದವರಲ್ಲಿ ಬಹುಮಂದಿಯ ಮನೆಮಾತು ತುಳು. ಆದರೂ ೧೯೦೨ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಿಂದ ಮೊದಲ್ಗೊಂಡು ಆ ಕಡೆಯವರು ಇಲ್ಲಿ ಕಟ್ಟಿದ ಸಂಘಗಳು ತಮ್ಮ ಶಾಲೆ, ಪತ್ರಿಕೆ, ವ್ಯವಹಾರಗಳಿಗೆ ಕನ್ನಡವನ್ನು ಆರಿಸಿಕೊಂಡುವು. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರು ರಾತ್ರಿ ಶಾಲೆಗಳಲ್ಲಿ ಕುಳಿತು ಕಲಿತದ್ದು ಕನ್ನಡದಲ್ಲಿ. ಮನೆಯಲ್ಲಿ ತುಳು ಅಥವಾ ಕೊಂಕಣಿ, ಸಂಘದಲ್ಲಿ ಕನ್ನಡ, ಗಿರಾಕಿಯೊಡನೆ ಹಿಂದಿ, ನಗರಪಾಲಿಕೆಯ ಕಾಗದಕ್ಕೆ ಮರಾಠಿ, ಬ್ಯಾಂಕಿಗೆ ಇಂಗ್ಲಿಷ್! ಸಾವಿರ ವರ್ಷಗಳ ಬಳಿಕ ಯಾವನೋ ಸಂಶೋಧಕನ ಕೈಗೆ ಈ ಕುಟುಂಬದ ಒಂದೇ ಕಾಗದ ಸಿಕ್ಕಿ, ಅದರ ಭಾಷೆಯನ್ನು ನೋಡಿ ಇವರು ಇಂಥವರೆಂದು ಅವನು ನಿರ್ಣಯಿಸಿದರೆ ಅದನ್ನು ನಾವು ಒಪ್ಪುತ್ತೇವೆಯೆ? ಹಾಗಾದರೆ ಅವಿಘ್ನಾಕರನಿಗೂ ಅಣ್ಣಯ್ಯನಿಗೂ ನಾವು ಆ ಅನ್ಯಾಯವನ್ನು ಮಾಡಬಾರದು.

ಮನೆಮಾತು ಒಂದು, ಬರೆಹದ ಭಾಷೆ ಇನ್ನೊಂದು, ಏಕೆ? ಕಾನ್ಹೇರಿಯ ಕಲ್ಲುಗಳಿಗೆ ಕೇಳಿದ ಪ್ರಶ್ನೆಯೇ ಮುಂಬಯಿಯ ತುಳುವರ ಕನ್ನಡ ಸಂಘಗಳಿಗೂ ಸಲ್ಲುತ್ತದೆ. ಒಂದು ಭೇದ ಮಾತ್ರ ಉಂಟು. ಕಾನ್ಹೇರಿಯ ಸಾಕ್ಷ್ಯ ಕಲ್ಲಿನ ಮೇಲಿದೆ, ಅದು ಸಾವಿರದ ನೂರೈವತ್ತಕ್ಕೂ ಹೆಚ್ಚು ವರ್ಷ ಉಳಿದಿದೆ. ನಮ್ಮ ಸಾಕ್ಷ್ಯ ಕಾಗದದ ಮೇಲಿದೆ. ರಾತ್ರಿ ಶಾಲೆಗಳ ಹಾಜರಿ ಪುಸ್ತಕಗಳು, ಸಂಘಗಳ ನಡಾವಳಿಗಳು, ನಾಟಕದ ಕರಪತ್ರಗಳು, ಊರಿಗೆ ಬರೆದ ಕಾಗದಗಳು ಹಳೆಯ ಚಾಳುಗಳು ಬಿದ್ದು ಗೋಪುರಗಳು ಏಳುವಾಗ ರದ್ದಿಯವನ ತಕ್ಕಡಿಗೆ ಹೋಗುತ್ತವೆ. ಅವುಗಳ ಕಡೆಗೆ ನಮ್ಮ ಕಣ್ಣು ಹೋಗದಿರುವುದಕ್ಕೆ ಕಾರಣ ಉದಾಸೀನವೊಂದೇ ಅಲ್ಲ. ನಾವು ಹುಡುಕುತ್ತಿದ್ದುದು ಒಡೆತನದ ಪತ್ರವನ್ನು, ಹಾಜರಿ ಪುಸ್ತಕವು ಒಡೆತನದ ಪತ್ರದಂತೆ ಕಾಣಲಿಲ್ಲ. ಪ್ರಶ್ನೆ ತಪ್ಪಿದರೆ ಉತ್ತರ ತಪ್ಪುವುದಷ್ಟೇ ಅಲ್ಲ, ಸಾಮಗ್ರಿಯೂ ಕಣ್ಣೆದುರಿಗೇ ನಾಶವಾಗುತ್ತದೆ.

ಆದುದರಿಂದ ಹೊಸದಾಗಿ ತೊಡಗುವ ಮಿತ್ರರಲ್ಲಿ ನನ್ನ ಅರಿಕೆ ಇಷ್ಟೆ. ನಿಮ್ಮ ಆಶೆಯನ್ನು ಬಿಡಬೇಡಿರಿ; ಅದಿಲ್ಲದೆ ಯಾರೂ ಗುಡ್ಡವನ್ನು ಏರುವುದಿಲ್ಲ. ಆದರೆ ಅದನ್ನು ಒಂದು ಚೀಟಿಯ ಮೇಲೆ ಬರೆದು, ಯಾವ ಸಾಕ್ಷ್ಯ ಸಿಕ್ಕಿದರೆ ಅದನ್ನು ಕೈಬಿಡುವಿರೆಂದು ಕೆಳಗೆ ಬರೆಯಿರಿ. ಬರೆಯಲು ಬರುವವರೆಗೆ ಅದನ್ನು ಕಾಲದಲ್ಲಿ, ದೇಶದಲ್ಲಿ, ಸಾಮಗ್ರಿಯಲ್ಲಿ ಕಿರಿದು ಮಾಡುತ್ತ ಹೋಗಿರಿ. ಹಿಂದಿನವರನ್ನು ಓದುವಾಗ ಅವರ ಉತ್ತರಕ್ಕಿಂತ ಮೊದಲು ಪ್ರಶ್ನೆಯನ್ನು ಗುರುತು ಹಾಕಿಕೊಳ್ಳಿರಿ. ಮತ್ತು ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ ಹಾಜರಿ ಪುಸ್ತಕವೋ ಕಾಗದದ ಕಟ್ಟೋ ಇದ್ದರೆ, ಈ ಭಾನುವಾರ ಕಾನ್ಹೇರಿಗೆ ಹೋಗುವ ಮೊದಲು ಅದನ್ನು ಇಳಿಸಿ ಧೂಳನ್ನು ಒರೆಸಿರಿ. ಕಾನ್ಹೇರಿ ಮುಂದಿನ ಭಾನುವಾರವೂ ಅಲ್ಲಿಯೇ ಇರುತ್ತದೆ.